ಹಳೆಯ ಮ್ಯಾಸಿ, ಹಸಿ ಎರೆ: ಬಿತ್ತಲು ಯಾವಾಗ ಇಳಿಯಬೇಕು?

ಪ್ರಶ್ನೆ: ನಮ್ಮ ಅಪ್ಪಾರು 1982ರಾಗ ತಗೊಂಡ ಮ್ಯಾಸಿ 1035 ಟ್ರ್ಯಾಕ್ಟರ್ ಇನ್ನೂ ನಮ್ಮ ಮನಿ ಮುಂದ ಐತ್ರಿ. ಎಂಜಿನ್ ಎರಡು ಸಲ ಬಿಚ್ಚಿಸೇವಿ, ಈಗ ಚಲೋ ಓಡ್ತೈತಿ. ಆರು ಎಕರೆ ಎರಿ, ಎರಡು ಎಕರೆ ಮಸಾರಿ. ಈ ಸಲ ರೋಹಿಣಿ ಹಿಡದು ಮಳಿ ಬಿಡವಲ್ದು. ಮೊನ್ನೆ ಎರಡು ದಿನ ಬಿಸಲು ಬಿತ್ತಂತ ಎರಿಗೆ ಟಿಲ್ಲರ್ ಇಳಿಸಿದ್ರ ಹಿಂದಿನ ಗಾಲಿ ನಿಂತಲ್ಲೇ ತಿರಗಾಕ ಹತ್ತಿದುವು. ಟೈರಿಗೆ ನೀರು ತುಂಬಸ್ರಿ ಅಂತ ಒಬ್ಬರು ಹೇಳ್ತಾರ, ಹೊಸಾ 50 ಎಚ್‌ಪಿ ಫೋರ್‌ವೀಲ್ ಬಾಡಿಗಿ ಹಿಡೀರಿ ಅಂತ ಇನ್ನೊಬ್ಬರು. ಸೋಯಾ, ಗೋವಿನಜೋಳ ಬಿತ್ತಬೇಕು. ಒಂಬತ್ತು ತಾಳಿನ ಕೂರಿಗಿ ಐತಿ. ಇಂಥಾ ಹಸಿಯೊಳಗ ಈ ಹಳೇ ಗಾಡಿಲೇ ಬಿತ್ತಾಕ ಆಗ್ತೈತೋ ಇಲ್ರೋ?
— ರಾಣೆಬೆನ್ನೂರು ತಾಲ್ಲೂಕಿನ ರೈತರೊಬ್ಬರು

ಉತ್ತರ: ಆಗುತ್ತದೆ. ಮೊನ್ನೆ ಆಗಲಿಲ್ಲವಲ್ಲ, ಅದರಲ್ಲಿ ಟ್ರ್ಯಾಕ್ಟರಿನ ತಪ್ಪೇನೂ ಇರಲಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 1982 ಎಂಬಲ್ಲಿ ಅಲ್ಲ, ‘ಎರಡು ದಿನ ಬಿಸಲು’ ಎಂಬಲ್ಲಿ. ವಾರಗಟ್ಟಲೆ ನೆನೆದ ಎರೆ, ಅಂದರೆ ಕಪ್ಪು ಜೇಡಿ ಮಣ್ಣು, ಎರಡು ದಿನದ ಬಿಸಿಲಿಗೆ ಹದಕ್ಕೆ ಬರುವುದಿಲ್ಲ. ಮೇಲೆ ಹಪ್ಪಳದಂತೆ ಒಣಗಿ, ಬಣ್ಣ ತಿಳಿಯಾಗಿ, ‘ಬಾ’ ಎಂದು ಕರೆಯುತ್ತದೆ. ನಾಲ್ಕು ಬೆರಳು ಕೆಳಗೆ ಇನ್ನೂ ಹಿಟ್ಟಿನ ಮುದ್ದೆ. ನಿಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ, ಅಷ್ಟರಲ್ಲಿ ಬಹುಶಃ ತಯಾರಾಗಿತ್ತು. ನೀವು ಇಳಿದದ್ದು ತಪ್ಪು ಹೊಲಕ್ಕೆ.

ಆದ್ದರಿಂದ ಮೊದಲು ಹದದ ಮಾತು, ಆಮೇಲೆ ಗಾಡಿಯ ಮಾತು.

ಹದ ನೋಡುವುದು ಹಿರಿಯರಿಗೆ ಕಾಲಿನಲ್ಲೇ ಗೊತ್ತಾಗುತ್ತಿತ್ತು. ಬರಿಗಾಲಲ್ಲಿ ಹೊಲ ತುಳಿದು, ಮಣ್ಣು ಪಾದಕ್ಕೆ ಮೆತ್ತಿಕೊಳ್ಳುತ್ತದೋ ಉದುರುತ್ತದೋ ಎಂದು ನೋಡಿ ಗಳೆ ಹೂಡುತ್ತಿದ್ದರು. ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತವನಿಗೆ ಆ ಸುದ್ದಿ ತಲುಪುವುದಿಲ್ಲ. ಅದಕ್ಕೆ ಕೆಳಗಿಳಿದು ಕೈ ಹಾಕಬೇಕು. ಹೊಲದ ಮೂರು ಕಡೆ, ಅದರಲ್ಲೂ ನೀರು ನಿಲ್ಲುವ ತಗ್ಗಿನಲ್ಲಿ ಒಂದು ಕಡೆ, ಗೇಣುದ್ದ ಕುಣಿ ತೋಡಿ. ಬೀಜ ಬೀಳುವ ಆಳದಿಂದ ಒಂದು ಹಿಡಿ, ಕುಣಿಯ ತಳದಿಂದ ಇನ್ನೊಂದು ಹಿಡಿ ಮಣ್ಣು ತೆಗೆಯಿರಿ. ಎರಡು ಅಂಗೈ ನಡುವೆ ಹೊಸೆದು ಬತ್ತಿ ಮಾಡಿ. ಬತ್ತಿ ಬಳಪದ ಗಾತ್ರಕ್ಕೆ ಬರುವ ಮೊದಲೇ ಮುರಿದು ಪುಡಿಯಾದರೆ ಹದ ಬಂದಿದೆ. ಕಡಲೆಕಡ್ಡಿಯಷ್ಟು ತೆಳ್ಳಗಾದರೂ ಮುರಿಯದೆ ಬೆರಳಿಗೆ ಸುತ್ತಿಕೊಂಡರೆ ಮನೆಗೆ ಹೋಗಿ ಚಹಾ ಕುಡಿಯಿರಿ. ಮೇಲಿನ ಹಿಡಿ ಮುರಿದು ಕೆಳಗಿನದು ಮುರಿಯದಿದ್ದರೆ? ಉಳುಮೆ ಬೇಡವೇ ಬೇಡ, ಬರೀ ಬಿತ್ತನೆಗೆ ಇಳಿಯಬಹುದು, ಅದೂ ಗಾಳಿ ಇಳಿಸಿದ ಟೈರಿನಲ್ಲಿ. ಗಾಳಿಯ ಮಾತು ಮುಂದೆ ಬರುತ್ತದೆ.

ಸಾಮಾನ್ಯವಾಗಿ ಮಸಾರಿ ಎರಡು ಮೂರು ದಿನಕ್ಕೆ ಬಂದರೆ ಎರೆಗೆ ನಾಲ್ಕೈದು ದಿನ ಬೇಕು. ಮೋಡ ಮುಚ್ಚಿಕೊಂಡಿದ್ದರೆ ಇನ್ನೂ ಹೆಚ್ಚು. ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬಿದಾಗ ಅದರೊಳಗಿನ ಗಾಳಿಯ ದಾರಿಗಳೆಲ್ಲ ಮುಚ್ಚಿರುತ್ತವೆ. ಆ ಹೊತ್ತಿನಲ್ಲಿ ಮೇಲೆ ಗಾಲಿ ತಿರುಗಿದರೆ, ಕರಣೆಯಲ್ಲಿ ಗಾರೆ ಮೆತ್ತಿದಂತೆ ಮಣ್ಣು ನುಣ್ಣಗೆ ಸವರಿಕೊಳ್ಳುತ್ತದೆ. ಮೊನ್ನೆ ಗಾಲಿ ತಿರುಗಿದ ಜಾಗಕ್ಕೆ ಹೋಗಿ ನೋಡಿ, ತಗ್ಗಿನ ಗೋಡೆ ಮಿರಮಿರ ಹೊಳೆಯುತ್ತಿರುತ್ತದೆ. ಆ ಹೊಳಪಿನೊಳಗೆ ಸೋಯಾದ ಬೇರು ಇಳಿಯುವುದಿಲ್ಲ, ನೀರೂ ಬಸಿಯುವುದಿಲ್ಲ. ಟಿಲ್ಲರಿನ ತಾಳು, ಅಂದರೆ ಮಣ್ಣು ಸೀಳುವ ಕಾಲು, ಎಬ್ಬಿಸಿದ ಹಸಿ ಹೆಂಟೆಯಂತೂ ಒಣಗಿದ ಮೇಲೆ ಇಟ್ಟಿಗೆ.

ಇಲ್ಲಿ ಒಂದು ವಿಚಿತ್ರವಿದೆ. ಎರೆ ತುಳಿತವನ್ನು ನಿಧಾನವಾಗಿಯಾದರೂ ಮರೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ತನ್ನನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಮಸಾರಿಗೆ ಆ ಗುಣ ಕಡಿಮೆ. ಬೇಗ ಹದಕ್ಕೆ ಬರುತ್ತದೆ ನಿಜ, ಆದರೆ ಹಸಿಯಲ್ಲಿ ಅದನ್ನು ತುಳಿದು ಕೆಳಗೊಂದು ಗಟ್ಟಿ ಪದರ ಮಾಡಿಬಿಟ್ಟರೆ ಆ ಪದರ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ‘ಮಸಾರಿ ಅಲ್ವಾ, ನಡೀತದ’ ಎಂದು ಮಳೆ ನಿಂತ ಮರುದಿನವೇ ಇಳಿಯುವವರನ್ನು ಕಂಡಾಗ ನನಗೆ ಎರೆಯವರಿಗಿಂತ ಅವರ ಬಗ್ಗೆಯೇ ಹೆಚ್ಚು ಕಳವಳ.

ಈಗ ಟೈರಿಗೆ ನೀರು ತುಂಬುವ ಸಲಹೆ. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ. ಅದು ಒಣ ಹೊಲದಲ್ಲಿ, ಮರಳು ಮಿಶ್ರಿತ ಮಣ್ಣಿನಲ್ಲಿ ಸರಿಯಾದ ಸಲಹೆಯೂ ಹೌದು. ಅಂಥ ಮಣ್ಣಿನಲ್ಲಿ ಮೇಲಿನ ಭಾರ ಹೆಚ್ಚಿದಷ್ಟೂ ಕಣಕ್ಕೆ ಕಣ ಒತ್ತಿಕೊಂಡು ಗಾಲಿಗೆ ಹಿಡಿತ ಹೆಚ್ಚುತ್ತದೆ. ಹಸಿ ಜೇಡಿಯ ಲೆಕ್ಕ ಬೇರೆ. ಅಲ್ಲಿ ಕಣಗಳ ನಡುವೆ ನೀರು ತುಂಬಿರುವುದರಿಂದ ನೀವು ಹೇರಿದ ಭಾರವನ್ನು ಹೊರುವುದು ನೀರು, ಮಣ್ಣಲ್ಲ. ಉಳಿಯುವ ಹಿಡಿತವೆಂದರೆ ಮಣ್ಣಿನ ಅಂಟು ಮಾತ್ರ. ಅಂಟಿನಿಂದ ಬರುವ ಹಿಡಿತ ಟೈರು ಎಷ್ಟು ಅಗಲ ನೆಲ ಹಿಡಿದಿದೆ ಎಂಬುದರ ಮೇಲೆ ನಿಂತಿದೆ, ಎಷ್ಟು ಭಾರವಿದೆ ಎಂಬುದರ ಮೇಲೆ ಅಲ್ಲ. ಹಾಗಾಗಿ ಹಸಿ ಎರೆಯಲ್ಲಿ ಟೈರಿಗೆ ನೀರು ತುಂಬಿದರೆ ಹಿಡಿತ ಹೆಚ್ಚುವುದಿಲ್ಲ, ಹೂತುಹೋಗುವ ಆಳ ಹೆಚ್ಚುತ್ತದೆ. ನಿಮ್ಮ ಗಾಲಿಗೆ ಎರಕದ ಭಾರದ ಬಿಲ್ಲೆ ಹಾಕಿದ್ದರೆ ಬಿತ್ತನೆ ಮುಗಿಯುವ ತನಕ ಬಿಚ್ಚಿ ಪಡಸಾಲೆಯಲ್ಲಿಡಿ.

ಮಾಡಬೇಕಾದ್ದು ಗಾಳಿ ಇಳಿಸುವುದು. ನಮ್ಮ ಕಡೆ ಟ್ರಾಲಿ ಎಳೆಯಲು ಹಾಕಿಸಿದ ಗಾಳಿಯಲ್ಲೇ ವರ್ಷವೆಲ್ಲ ಹೊಲಕ್ಕೂ ಹೋಗುತ್ತಾರೆ. ಟೈರು ಹಲಗೆಯಂತೆ ಬಿಗಿದಿರುತ್ತದೆ, ನೆಲ ಮುಟ್ಟುವುದು ನಡುವಿನ ಒಂದು ಪಟ್ಟಿ ಅಷ್ಟೇ. ಹಿಂದಿನ ಟೈರಿನ ಗಾಳಿ 12 ಪೌಂಡಿನ ಆಸುಪಾಸಿಗೆ ಬರಲಿ. ಟೈರಿನ ಪಕ್ಕ ಸ್ವಲ್ಪ ಉಬ್ಬಿ, ಹಲ್ಲುಗಳು ಅಂಚಿನ ತನಕ ನೆಲ ಹಿಡಿಯಬೇಕು. ಮೇಲ್ಮಣ್ಣಿನ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಟೈರಿನೊಳಗಿನ ಒತ್ತಡದಷ್ಟೇ ಇರುತ್ತದೆ, ಆದ್ದರಿಂದ ಹಿಡಿತ, ಮಣ್ಣು ಎರಡಕ್ಕೂ ಇದು ಒಳ್ಳೆಯದು. ಪಕ್ಕದ ಗೋಡೆ ಸೀಳುಸೀಳಾದ ಹಳೇ ಟೈರಾದರೆ ಈ ಪ್ರಯೋಗ ಬೇಡ. ಹಲ್ಲು ಸವೆದು ಬೋಳಾಗಿದ್ದರೆ ಗಾಳಿ ಇಳಿಸಿದರೂ ಪ್ರಯೋಜನವಿಲ್ಲ. ಎಂಜಿನ್ ಎರಡು ಸಲ ಬಿಚ್ಚಿಸಿದವರು ಈ ವರ್ಷ ಟೈರಿನ ಖರ್ಚನ್ನೂ ನುಂಗಿಕೊಳ್ಳಿ. ರಸ್ತೆಗೆ ಹತ್ತುವ ಮೊದಲು, ಅದರಲ್ಲೂ ಟ್ರಾಲಿ ಕಟ್ಟುವ ಮೊದಲು, ಮರೆಯದೆ ಗಾಳಿ ತುಂಬಿಸಿ.

ಜಾರುವುದನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ. ಹಿಂದಿನ ಟೈರಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕೂರಿಗೆ ಎತ್ತಿಕೊಂಡು ಅದೇ ಹೊಲದಲ್ಲಿ ಗಾಲಿ ಹತ್ತು ಸುತ್ತು ತಿರುಗುವಷ್ಟು ಓಡಿಸಿ, ದೂರ ಅಳೆಯಿರಿ. ನಿಮ್ಮದು 12.4-28 (ಅಗಲ 12.4 ಇಂಚು, ರಿಮ್ 28 ಇಂಚು) ಟೈರಾಗಿದ್ದರೆ 38 ಮೀಟರಿನ ಹತ್ತಿರ ಬರುತ್ತದೆ. ಆಮೇಲೆ ಕೂರಿಗೆ ಇಳಿಸಿ ಬಿತ್ತುತ್ತಾ ಅದೇ ಹತ್ತು ಸುತ್ತು. 33 ಮೀಟರ್ ಬಂತೆನ್ನಿ, 5 ಮೀಟರ್ ಕಳೆಯಿತು, ಅಂದರೆ ನೂರಕ್ಕೆ 13ರಷ್ಟು ಜಾರಿಕೆ. 15ರ ಒಳಗಿದ್ದರೆ ಧೈರ್ಯವಾಗಿ ಬಿತ್ತಿ. 20 ದಾಟಿದರೆ ಅಂದು ಕೂರಿಗೆ ಬಿಚ್ಚಿ. ಒಂದಿಷ್ಟೂ ಜಾರದ ಗಾಲಿ ಎಂಬುದು ಮಣ್ಣಿನ ಹೊಲದಲ್ಲಿ ಇರುವುದಿಲ್ಲ.

ಇನ್ನು ಬಾಡಿಗೆಯ ಫೋರ್‌ವೀಲ್. ನಿಮ್ಮ 1035ರ ತೂಕ ಸುಮಾರು 1,700 ಕಿಲೊ. 50 ಎಚ್‌ಪಿಯ ನಾಲ್ಕೂ ಗಾಲಿ ಎಳೆಯುವ ಹೊಸ ಗಾಡಿಗಳು ಅದಕ್ಕಿಂತ ಅರ್ಧ ಟನ್ನಿಗೂ ಹೆಚ್ಚು ಭಾರ. ಕೆಳಗಿನ ಪದರಕ್ಕೆ ಇಳಿಯುವ ಒತ್ತಡವನ್ನು ತೀರ್ಮಾನಿಸುವುದು ಒಂದೊಂದು ಆಕ್ಸಲ್ ಹೊತ್ತ ಒಟ್ಟು ಭಾರ. ಟೈರು ಎಷ್ಟೇ ಅಗಲವಿದ್ದರೂ ಆ ಲೆಕ್ಕ ತಪ್ಪುವುದಿಲ್ಲ. ಫೋರ್‌ವೀಲ್ ಬಂದರೆ ಹದ ಬೇಗ ಬರುವುದೇನೂ ಇಲ್ಲ. ನಿಮ್ಮ ಮ್ಯಾಸಿ ಜಾರಿ ‘ಇವತ್ತು ಬೇಡ’ ಎಂದು ಹೇಳಿತಲ್ಲ, ಆ ಗಾಡಿ ಹಾಗೆ ಹೇಳದೆ ಹೊಲದ ತುಂಬ ಓಡಾಡಿ ಹೋಗುತ್ತದೆ. ಹಸಿಗಾಲದಲ್ಲಿ ಹಗುರ ಗಾಡಿ ಕೈಯಲ್ಲಿರುವುದು ಅನುಕೂಲವೇ.

ಅಷ್ಟು ಹಗುರ ಗಾಡಿ ದೊಡ್ಡ ಟಿಲ್ಲರ್ ಹೇಗೆ ಎಳೆಯುತ್ತದೆ ಎಂದು ಯೋಚಿಸಿದ್ದೀರಾ? ನಿಮ್ಮ 1035ರ ವಂಶ 1956ರಲ್ಲಿ ಬಂದ ಫರ್ಗುಸನ್ 35ಕ್ಕೆ ಹೋಗಿ ಮುಟ್ಟುತ್ತದೆ. ಅದರ ಹಿಂದಿನ ತಲೆ ಐರ್ಲೆಂಡಿನ ಹ್ಯಾರಿ ಫರ್ಗುಸನ್‌ರದು. ಉಪಕರಣವನ್ನು ಸರಪಳಿಯಲ್ಲಿ ಎಳೆಯದೆ, ಮೂರು ಕೊಂಡಿಗಳಲ್ಲಿ ಗಾಡಿಗೇ ಕಟ್ಟಿ ಹೈಡ್ರಾಲಿಕ್‌ನಿಂದ ಎತ್ತಿ ಹಿಡಿಯುವ ವ್ಯವಸ್ಥೆಯನ್ನು ಅವರು ರೂಪಿಸಿದರು. ಮಣ್ಣು ಗಟ್ಟಿ ಸಿಕ್ಕಾಗ ಉಪಕರಣ ಮೇಲಿನ ಕೊಂಡಿಯನ್ನು, ಅಂದರೆ ಟಾಪ್‌ಲಿಂಕನ್ನು, ಮುಂದಕ್ಕೆ ಒತ್ತುತ್ತದೆ. ಆ ಒತ್ತು ಒಂದು ಸ್ಪ್ರಿಂಗ್‌ಗೆ ತಲುಪಿ, ಹೈಡ್ರಾಲಿಕ್ ಉಪಕರಣವನ್ನು ಕೊಂಚ ಎತ್ತುತ್ತದೆ. ಎತ್ತಿದ ಕ್ಷಣ ಉಪಕರಣದ ಭಾರವೂ ಮಣ್ಣಿನ ಎಳೆತವೂ ಹಿಂದಿನ ಗಾಲಿಯ ಮೇಲೆ ಬೀಳುತ್ತವೆ. ಬೇಕಾದಾಗ ಮಾತ್ರ ಭಾರ, ಬೇಡದಾಗ ಇಲ್ಲ. ಇಂದಿನ ಟ್ರ್ಯಾಕ್ಟರುಗಳೆಲ್ಲ ಅದೇ ದಾರಿಯಲ್ಲಿವೆ. ನಿಮ್ಮ ಬಲಗೈ ಬಳಿಯ ಎರಡು ಲಿವರುಗಳಲ್ಲಿ ಈ ಕೆಲಸದ್ದು ಒಂದು, ಇಟ್ಟ ಎತ್ತರದಲ್ಲೇ ಹಿಡಿದಿಡುವುದು ಇನ್ನೊಂದು. ಮೊದಲನೆಯದು ಟಿಲ್ಲರಿಗೆ, ನೇಗಿಲಿಗೆ. ಕೂರಿಗೆಗೆ ಅದನ್ನು ಬಳಸಿದರೆ ಮಣ್ಣು ಬದಲಾದಂತೆ ಕೂರಿಗೆ ಏಳುತ್ತಾ ಬೀಳುತ್ತಾ ಹೋಗಿ ಒಂದು ಕಾಳು ಮೇಲೆ, ಒಂದು ಕಾಳು ಪಾತಾಳಕ್ಕೆ. ಬಿತ್ತುವಾಗ ಎರಡನೆಯ ಲಿವರ್ ಮಾತ್ರ. ಎತ್ತಿ ನಿಲ್ಲಿಸಿದ ಕೂರಿಗೆ ಹತ್ತು ನಿಮಿಷದಲ್ಲಿ ತಾನಾಗಿ ನೆಲ ಮುಟ್ಟಿದರೆ ಹೈಡ್ರಾಲಿಕ್‌ನ ಸೀಲು ಹೋಗಿದೆ, ಬಿತ್ತನೆಗೆ ಮೊದಲು ಹಾಕಿಸಿ. ಇನ್ನೊಂದು, ನಿಮಗೆ ಗೊತ್ತಿರಬಹುದು, ಮಕ್ಕಳಿಗೆ ಹೇಳಿಕೊಡಿ: ಈ ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತಿದರೆ ಹೈಡ್ರಾಲಿಕ್ ಪಂಪೂ ನಿಲ್ಲುತ್ತದೆ. ಬದುವಿನ ಹತ್ತಿರ ಮೊದಲು ಕೂರಿಗೆ ಎತ್ತಬೇಕು, ಆಮೇಲೆ ಕ್ಲಚ್.

‘ಸಣ್ಣ ಗಾಡಿ, ಹದ ಸಿಗುವ ಎರಡು ದಿನದಲ್ಲಿ ಮುಗಿಯುತ್ತದೆಯೇ?’ ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಎತ್ತಿನ ಕೂರಿಗೆ ಹಿಂದೆ ಚುರುಕಾಗಿ ನಡೆದಷ್ಟು ವೇಗ, ಗಂಟೆಗೆ ಮೂರೂವರೆ ಕಿಲೊಮೀಟರ್ ಹಿಡಿಯಿರಿ. ಒಂಬತ್ತು ತಾಳು 30 ಸೆಂಟಿಮೀಟರ್ ಅಂತರದಲ್ಲಿದ್ದರೆ ಒಂದು ಪಟ್ಟಿ 2.7 ಮೀಟರ್. ತಿರುಗುವುದು, ಬೀಜ ತುಂಬುವುದು, ಬೈಯುವುದು ಎಲ್ಲಕ್ಕೂ ಮೂರರಲ್ಲೊಂದು ಪಾಲು ಸಮಯ ಕಳೆದರೂ ಗಂಟೆಗೆ ಒಂದೂವರೆ ಎಕರೆ. ಆರು ಎಕರೆ ಎರೆ ಒಂದೇ ಮಧ್ಯಾಹ್ನದ ಕೆಲಸ. ನಿಮಗೆ ಹೆಚ್ಚಿನ ಎಚ್‌ಪಿ ಬೇಕಿಲ್ಲ. ಹದ ಬಂದ ದಿನ ಬೀಜ, ಗೊಬ್ಬರ, ಡೀಸೆಲ್, ಆಳು ಎಲ್ಲ ಬೆಳಗ್ಗೆ ಏಳಕ್ಕೆ ಹೊಲದಲ್ಲಿರಬೇಕು, ಅಷ್ಟೇ.

ಆದರೂ ಒಂಬತ್ತು ತಾಳಿನಲ್ಲಿ ಬಯಲಿಗೆ ಬಯಲೇ ಸಮ ಬಿತ್ತುವುದನ್ನು ನಾನು ಈ ಸಲ ಹೇಳುವುದಿಲ್ಲ. ಎರೆಯಲ್ಲಿ ಮಡಿ ಎತ್ತಿ ಬಿತ್ತಿ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಶುರುವಾದ, ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು: ಕಪ್ಪು ಮಣ್ಣಿಗೆ ಒಂದು ಮೀಟರ್ ಅಗಲದ ಮಡಿ, ಪಕ್ಕದಲ್ಲಿ ಅರ್ಧ ಮೀಟರಿನ ಕಾಲುವೆ, ಒಟ್ಟು 150 ಸೆಂಟಿಮೀಟರ್. ನೂರು ಮೀಟರಿಗೆ 40ರಿಂದ 80 ಸೆಂಟಿಮೀಟರ್ ಇಳಿಜಾರು ಸಿಗುವಂತೆ ಸಾಲು ಬಿಟ್ಟರೆ ಹೆಚ್ಚಾದ ನೀರು ಮಣ್ಣು ಕೊಚ್ಚದೆ ಮೆಲ್ಲಗೆ ಹೊರಗೆ ಹೋಗುತ್ತದೆ. ಅವರು ಅದನ್ನು ಎತ್ತಿನ ಗಾಡಿಯಂಥ ಉಪಕರಣದಿಂದ ಮಾಡುತ್ತಿದ್ದರು.

ಈಗ ನಿಮ್ಮ ಹಳೇ ಮ್ಯಾಸಿಯ ಹಿಂದಿನ ಗಾಲಿ ನೋಡಿ. ರಿಮ್ ಮತ್ತು ನಡುವಿನ ಡಿಸ್ಕನ್ನು ಬಿಚ್ಚಿ ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಗಾಲಿಯಿಂದ ಗಾಲಿಗೆ ಇರುವ ಅಂತರ ನಾಲ್ಕು ನಾಲ್ಕು ಇಂಚಿನಂತೆ ಬದಲಾಗುತ್ತದೆ. 48 ಇಂಚಿನಿಂದ ಶುರುವಾಗಿ ಆ ಮೆಟ್ಟಿಲುಗಳಲ್ಲಿ 60 ಇಂಚು ಇದೆ. 60 ಇಂಚು ಎಂದರೆ 152 ಸೆಂಟಿಮೀಟರ್! ಮಡಿಯ ಅಳತೆಗೆ ಹೇಳಿ ಮಾಡಿಸಿದಂತೆ ಗಾಲಿ ಕಾಲುವೆಯಲ್ಲೇ ಓಡುತ್ತದೆ, ಬೆಳೆ ನಿಲ್ಲುವ ಮಡಿಯನ್ನು ಒಮ್ಮೆಯೂ ತುಳಿಯುವುದಿಲ್ಲ. ಮುಂದಿನ ಆಕ್ಸಲನ್ನೂ ಎಳೆದು ಅಷ್ಟೇ ಅಗಲಕ್ಕೆ ಬಿಗಿಯಿರಿ. ಟೈರುಗಳನ್ನು ಎಡ ಬಲ ಅದಲುಬದಲು ಮಾಡಬೇಕಾಗಿ ಬಂದರೆ ಹಲ್ಲಿನ ದಿಕ್ಕು ನೋಡಿಕೊಳ್ಳಿ. ಪಕ್ಕದಲ್ಲಿ ಬಾಣದ ಗುರುತಿರುತ್ತದೆ. ಉಲ್ಟಾ ಹಾಕಿದರೆ ಹಲ್ಲಿನಲ್ಲಿ ರಾಡಿ ತುಂಬಿ ಗಾಲಿ ಉಂಡೆಯಾಗುತ್ತದೆ.

ಕೂರಿಗೆಯ ಚೌಕಟ್ಟಿನ ಮೇಲೆ ನಾಲ್ಕೇ ತಾಳು ಇಡಿ: ನಡುವಿನಿಂದ ಎಡಕ್ಕೂ ಬಲಕ್ಕೂ 15 ಮತ್ತು 45 ಸೆಂಟಿಮೀಟರಿಗೆ ಒಂದೊಂದು. ಎರಡು ಗಾಲಿಗಳ ಹಿಂದೆ ಒಂದೊಂದು ರಿಡ್ಜರ್ ಕಟ್ಟಿ. ಗಾಲಿ ತುಳಿದ ಜಾಗವನ್ನೇ ಅದು ಬಗೆದು ಕಾಲುವೆ ಮಾಡಿ, ಮಣ್ಣನ್ನು ಮಡಿಗೆ ಏರಿಸುತ್ತದೆ. ಮರಳಿ ಬರುವಾಗ ಒಂದು ಗಾಲಿ ಹಿಂದಿನ ಕಾಲುವೆಯಲ್ಲೇ ಬರಲಿ, ಸಾಲು ತಪ್ಪುವ ಮಾತೇ ಇಲ್ಲ. ಐದು ಸಾಲಿನ ಜಾಗದಲ್ಲಿ ನಾಲ್ಕೇ ಸಾಲು ಆಯಿತಲ್ಲ ಎಂದು ಸಂಕಟಪಡಬೇಡಿ. ನೀರು ನಿಂತು ಕೊಳೆತ ಐದು ಸಾಲಿಗಿಂತ ಗಾಳಿ, ಬೆಳಕು ಸಿಕ್ಕ ನಾಲ್ಕು ಸಾಲು ಲೇಸು. ಗಂಟೆಗೆ ಮುಕ್ಕಾಲು ಎಕರೆ ಸಾಗುತ್ತದೆ, ಆರು ಎಕರೆಗೆ ಒಂದು ದಿನ. ಎಡೆ ಹೊಡೆಯಲು, ಔಷಧ ಸಿಂಪಡಿಸಲು ಮುಂದೆ ಹೋದಾಗಲೂ ಅದೇ ಕಾಲುವೆಯಲ್ಲಿ ನಡೆಯಿರಿ. ಮಣ್ಣು ತುಳಿಯುವ ಹಾನಿಯ ದೊಡ್ಡ ಪಾಲು ಮೊದಲ ಸಲದ ಓಡಾಟದಲ್ಲೇ ಆಗಿಹೋಗುತ್ತದೆ, ಹಾಗಾಗಿ ತುಳಿದದ್ದನ್ನೇ ಮತ್ತೆ ತುಳಿಯುವುದು ಜಾಣತನ. ರಿಡ್ಜರ್ ಇಲ್ಲದಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ಕಾಲುವೆಯ ನೀರು ಕೊನೆಗೆ ಹಳ್ಳಕ್ಕೋ ನಿಮ್ಮದೇ ಕೃಷಿ ಹೊಂಡಕ್ಕೋ ಹೋಗಲಿ. ಪಕ್ಕದ ಹೊಲಕ್ಕೆ ಬಿಟ್ಟು ಮಳೆಗಾಲದುದ್ದಕ್ಕೂ ಜಗಳ ಕಾಯಬೇಡಿ.

ಹಸಿ ಮಣ್ಣಿನಲ್ಲಿ ಕೂರಿಗೆ ಕೊಡುವ ಕಾಟ ಗಾಡಿ ಕೊಡುವುದಕ್ಕಿಂತ ಹೆಚ್ಚು. ಮೊದಲನೆಯದು, ಬೀಜದ ಬಾಯಿ ಕಟ್ಟುವುದು. ನಿಂತ ಗಾಡಿಯಲ್ಲಿ ಕೂರಿಗೆ ಇಳಿಸಿದರೆ, ಇಳಿಸಿಕೊಂಡೇ ಒಂದು ಅಡಿ ಹಿಂದೆ ಬಂದರೆ, ತಾಳಿನ ಬಾಯಿಗೆ ರಾಡಿ ತುಂಬುತ್ತದೆ. ಅದು ಗೊತ್ತಾಗುವುದು ಎಂಟು ದಿನದ ಮೇಲೆ, ಮೊಳಕೆಯೇ ಇಲ್ಲದ ಉದ್ದನೆಯ ಸಾಲು ಕಂಡಾಗ. ಗಾಡಿ ಮುಂದಕ್ಕೆ ಹೊರಟ ಮೇಲೇ ಕೂರಿಗೆ ಇಳಿಸಿ. ಒಬ್ಬರು ಹಿಂದೆ ಕೋಲು ಹಿಡಿದು ನಡೆದು ಬರಲಿ, ಕೂರಿಗೆಯ ಮೇಲೆ ನಿಂತು ಬೇಡ.

ಎರಡನೆಯದು, ಬೀಜ ಬೀಳಿಸುವ ಕೂರಿಗೆಯ ಗಾಲಿ ಮಣ್ಣು ಮೆತ್ತಿಕೊಂಡು ತಿರುಗದೆ ಎಳೆದುಕೊಂಡು ಹೋಗುವುದು. ಅದು ನಿಂತರೆ ಬೀಜವೂ ನಿಂತಿತು. ಮಣ್ಣು ಕೆರೆಯುವ ಒಂದು ಪಟ್ಟಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹಾಕಿಸಿ. ಬೀಜದ ಪ್ರಮಾಣವನ್ನು ಮನೆಯಂಗಳದಲ್ಲೇ ಸರಿಮಾಡಿಕೊಳ್ಳಿ. ನಿಮ್ಮ ಕೂರಿಗೆಯ ಗಾಲಿಯ ಸುತ್ತಳತೆ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, 20 ಸುತ್ತಿಗೆ 30 ಮೀಟರ್. ಪಟ್ಟಿ ಒಂದೂವರೆ ಮೀಟರ್, ಹಾಗಾಗಿ 45 ಚದರ ಮೀಟರ್, ಅಂದರೆ ಎಕರೆಯ ತೊಂಬತ್ತರಲ್ಲಿ ಒಂದು ಪಾಲು. ಎಕರೆಗೆ 25 ಕಿಲೊ ಸೋಯಾ ಬೇಕಾದರೆ 20 ಸುತ್ತಿಗೆ ನಾಲ್ಕೂ ಕೊಳವೆ ಸೇರಿ 280 ಗ್ರಾಂ ಬೀಳಬೇಕು. ಕೊಳವೆಗಳಿಗೆ ಚೀಲ ಕಟ್ಟಿ, ಗಾಲಿ ಕೈಯಲ್ಲಿ ತಿರುಗಿಸಿ, ತೂಗಿ ನೋಡಿ. ಅರ್ಧ ಗಂಟೆಯ ಕೆಲಸವಿದು, ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ.

ಆಳ ಮೂರು ಸೆಂಟಿಮೀಟರ್ ಸಾಕು. ಯೂರಿಯಾವನ್ನು ಕೂರಿಗೆಗೆ ಹಾಕಲೇಬೇಡಿ. ತೇವ ಹೀರಿ ಅಂಟಾಗಿ ರೋಲರ್ ಕಚ್ಚಿಕೊಳ್ಳುತ್ತದೆ, ಜೊತೆಗೆ ನೀರು ನಿಂತ ಮಣ್ಣಿನಲ್ಲಿ ಸಾರಜನಕ ಗಾಳಿಯಾಗಿ ಹಾರಿಹೋಗುತ್ತದೆ. ಬಿತ್ತುವಾಗ ಡಿಎಪಿ ಕೊಟ್ಟು, ಗೋವಿನಜೋಳದ ಯೂರಿಯಾವನ್ನು ಬೆಳೆ ಎದ್ದ ಮೇಲೆ ಕಂತಿನಲ್ಲಿ ಕೊಡಿ. ಬೀಜ ಕೊಳೆಯದಂತೆ ಕಾಯುವ ಟ್ರೈಕೊಡರ್ಮಾ ಶಿಲೀಂಧ್ರವನ್ನು ಬೀಜಕ್ಕೆ ಹಚ್ಚುವುದನ್ನು ಇಂಥ ವರ್ಷ ಬಿಡಬಾರದು.

ಯಾವ ಬೆಳೆ ಎಲ್ಲಿ? ಗೋವಿನಜೋಳ ಮಸಾರಿಗೆ, ಸೋಯಾ ಎರೆಯ ಮಡಿಗೆ. ಗೋವಿನಜೋಳಕ್ಕೆ ಐದಾರು ಎಲೆ ಬರುವ ತನಕ ಅದರ ಸುಳಿ ಮಣ್ಣಿನೊಳಗೇ ಇರುತ್ತದೆ. ಆಗ ಎರಡು ಮೂರು ದಿನ ನೀರು ನಿಂತರೆ ಗಿಡ ಹೋದಂತೆಯೇ. ಎರಡು ಎಕರೆಯ ಗೋವಿನಜೋಳಕ್ಕೆ ಕೂರಿಗೆ ಬೇಡ, 60 ಸೆಂಟಿಮೀಟರಿಗೆ ಸಾಲು ಹೊಡೆದು ಗೇಣಿಗೊಂದು ಕಾಳು ಕೈಯಲ್ಲಿ ಊರಿಸಿ. ನಾಲ್ಕು ಜನ ಸೇರಿದರೆ ಮುಗಿಯುತ್ತದೆ. ಸೋಯಾದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ಬೀಜ ಸಿಕ್ಕರೆ ಅದನ್ನೇ ತನ್ನಿ. ಮೋಡ ಮುಸುಕಿದ ವರ್ಷಗಳಲ್ಲಿ ತುಕ್ಕು ರೋಗ ಬಂದೇ ಬರುತ್ತದೆ, ಅದು ತಡೆದುಕೊಳ್ಳುತ್ತದೆ. ಪುನರ್ವಸು ಮುಗಿಯುವುದರೊಳಗೆ, ಅಂದರೆ ಜುಲೈ 19ರ ಸುಮಾರಿಗೆ, ಎರೆ ಹದಕ್ಕೆ ಬರದಿದ್ದರೆ ಸೋಯಾದ ಆಸೆ ಬಿಡಿ. ಹೊಲವನ್ನು ಸುಮ್ಮನೆ ಹಿಂಗಾರಿಗೆ ಇಟ್ಟರೆ ಬಿಳಿಜೋಳ, ಕಡಲೆ ಬರುತ್ತವೆ. ಒತ್ತಾಯದಿಂದ ರಾಡಿಯಲ್ಲಿ ಬಿತ್ತಿ ಹಿಂಗಾರಿಯನ್ನೂ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಹದ ಕಾಯುವ ದಿನಗಳಲ್ಲಿ ಗಾಡಿಯ ಕೆಲಸ ಮುಗಿಸಿ. ಹಿಂದಿನ ಆಕ್ಸಲಿನ ಆಯಿಲ್ ಕಡ್ಡಿ ಎಳೆದು ನೋಡಿ, ಮಜ್ಜಿಗೆಯ ಬಣ್ಣ ಬಂದಿದ್ದರೆ ಸೀಲಿನಿಂದ ನೀರು ಒಳಹೊಕ್ಕಿದೆ. ಈ ಗಾಡಿಯಲ್ಲಿ ಗೇರಿಗೂ ಹೈಡ್ರಾಲಿಕ್‌ಗೂ ಅದೇ ಎಣ್ಣೆ, ಬದಲಿಸದೆ ವಿಧಿಯಿಲ್ಲ. ಡೀಸೆಲ್ ಫಿಲ್ಟರಿನ ತಳದ ನೀರು ದಿನಾ ಬೆಳಗ್ಗೆ ಬಿಡಿ. ಸಂಜೆಯೇ ಟ್ಯಾಂಕ್ ತುಂಬಿಟ್ಟರೆ ರಾತ್ರಿಯ ತಂಪಿಗೆ ಒಳಗೆ ಹನಿಗಟ್ಟುವುದು ಕಡಿಮೆ. ಎಣ್ಣೆ ಬಟ್ಟಲಿನ ಏರ್ ಫಿಲ್ಟರಿಗೆ ಮಳೆನೀರು ಸೇರಿದೆಯೇ ನೋಡಿ. ನಿಲ್ಲಿಸಿದಾಗ ಸೈಲೆನ್ಸರಿನ ಮೇಲೆ ತೆಂಗಿನ ಕರಟ ಬೋರಲು ಹಾಕುವ ನಮ್ಮ ಹಳೇ ಪದ್ಧತಿಗಿಂತ ಉತ್ತಮವಾದದ್ದನ್ನು ನಾನಿನ್ನೂ ಕಂಡಿಲ್ಲ. ನೀರಿನಲ್ಲಿ ಹಾದು ಬಂದ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ರಸ್ತೆಗೆ ಬರುವ ಮೊದಲು ಮೆಲ್ಲಗೆ ಓಡಿಸುತ್ತಾ ನಾಲ್ಕಾರು ಸಲ ಒತ್ತಿ ಒಣಗಿಸಿ. ರಸ್ತೆಯಲ್ಲಿ ಎರಡೂ ಬ್ರೇಕ್ ಪೆಡಲುಗಳ ಕೊಂಡಿ ಕೂಡಿಸಿರಬೇಕು.

ಹೊಲದಲ್ಲಿ ಆ ಕೊಂಡಿ ಬಿಚ್ಚಿರಲಿ. ಒಂದು ಗಾಲಿ ತಿರುಗತೊಡಗಿದರೆ ಆ ಕಡೆಯ ಬ್ರೇಕನ್ನು ಮೆತ್ತಗೆ ಅಮುಕಿ, ಶಕ್ತಿ ಇನ್ನೊಂದು ಗಾಲಿಗೆ ಹೋಗಿ ಗಾಡಿ ಎದ್ದು ಬರುತ್ತದೆ. ಎರಡೂ ಹಿಂದಿನ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಡಿಫ್‌ಲಾಕ್ ಇದ್ದರೆ ಗಾಲಿ ಹೂಳುವ ಮೊದಲೇ ಒತ್ತಬೇಕು, ತಿರುಗಿಸುವ ಮೊದಲು ಬಿಡಬೇಕು. ಅದಕ್ಕೂ ಏಳದಿದ್ದರೆ ಎಂಜಿನ್ ರೇಸ್ ಮಾಡಬೇಡಿ. ಕೂರಿಗೆ ಬಿಚ್ಚಿ, ಗಾಲಿಯ ಹಿಂದಿನ ಮಣ್ಣು ತೋಡಿ, ಬಂದ ದಾರಿಯಲ್ಲೇ ರಿವರ್ಸ್‌ನಲ್ಲಿ ಬನ್ನಿ.

ಒಂದು ಕೆಲಸ ಮಾತ್ರ ಎಂದಿಗೂ ಮಾಡಬೇಡಿ. ಹೂತ ಗಾಡಿಯ ಹಿಂದಿನ ಗಾಲಿಗಳಿಗೆ ಅಡ್ಡ ದಿಮ್ಮಿ ಕಟ್ಟಿ ಮುಂದಕ್ಕೆ ಎಬ್ಬಿಸುವುದು ನಮ್ಮೂರುಗಳಲ್ಲಿ ವಾಡಿಕೆ. ಗಾಲಿ ತಿರುಗಲಾರದೆ ಕಚ್ಚಿಕೊಂಡರೆ ಎಂಜಿನ್ನಿನ ಬಲ ಬೇರೆಲ್ಲೂ ಹೋಗಲಾರದೆ ಗಾಡಿಯ ಮೂತಿಯನ್ನೇ ಎತ್ತುತ್ತದೆ. ಅದು ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಬೇಡ, ಕ್ಲಚ್ ಒತ್ತಬೇಕೆಂದು ಹೊಳೆಯುವಷ್ಟರಲ್ಲಿ ಸ್ಟೀರಿಂಗ್ ಎದೆಯ ಮೇಲಿರುತ್ತದೆ. ಹಳೇ ಗಾಡಿಗೆ ತಲೆ ಕಾಯುವ ಕಮಾನೂ ಇಲ್ಲ. ಹಿರೇಕೆರೂರು ಕಡೆ ಹೀಗೆ ಮೂತಿ ಎತ್ತಿದ ಗಾಡಿಯಿಂದ ಒಬ್ಬ ಹುಡುಗ ಪಕ್ಕಕ್ಕೆ ಹಾರಿ ಕೆಸರಿಗೆ ಬಿದ್ದು ಉಳಿದದ್ದನ್ನು ಕಣ್ಣಾರೆ ಕಂಡವನು ನಾನು. ಆ ಕೆಸರೇ ಅವನನ್ನು ಉಳಿಸಿತು. ಎಳೆಸುವುದಾದರೆ ಇನ್ನೊಂದು ಗಾಡಿಯಿಂದ ಎಳೆಸಿ, ಎಳೆಯುವ ಗಾಡಿಯ ಸರಪಳಿ ಅದರ ಕೆಳಗಿನ ಡ್ರಾಬಾರಿಗೇ ಇರಲಿ, ಟಾಪ್‌ಲಿಂಕ್ ಜಾಗಕ್ಕೆ ಎಂದೂ ಬೇಡ. ಸರಪಳಿ ಹತ್ತಿರ ಯಾರೂ ನಿಲ್ಲಬಾರದು, ಮಡ್‌ಗಾರ್ಡ್ ಮೇಲೆ ಯಾರೂ ಕೂರಬಾರದು.

ನಿಮ್ಮ ಹಿಂದಿನ ಟೈರಿನ ಪಕ್ಕದಲ್ಲಿ ಬರೆದ ಅಳತೆಯನ್ನೂ ಹಲ್ಲು ಎಷ್ಟು ಉಳಿದಿದೆ ಎಂಬುದನ್ನೂ ಬರೆದು ಕಳಿಸಿ. 12.4 ಅಲ್ಲದೆ 13.6 ಆಗಿದ್ದರೆ ಗಾಲಿಯ ಅಂಚು ಮಡಿಯ ಹೊರಸಾಲಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಆಗ ಹೊರಗಿನ ಎರಡು ತಾಳುಗಳನ್ನು 45ರಿಂದ 42 ಸೆಂಟಿಮೀಟರಿಗೆ ಒಳಗೆ ಸರಿಸಬೇಕಾಗುತ್ತದೆ.